ಹರಡಿದ ಏಡಿಗಂತಿಯೂ ಶಸ್ತ್ರವೈದ್ಯರೊಬ್ಬರ ಪ್ರಶ್ನೆಗಳೂ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎನಿಸಿಕೊಂಡಿವೆ. ಈ ಸೀಮೆಯ ಕಾಲೇಜೊಂದರಲ್ಲಿ ಭೌತವಿಜ್ಞಾನವನ್ನು ಬೋಧಿಸುವ ನಮಗೆ ವಿದ್ಯಾರ್ಥಿಗಳಿಂದ ಬರುವ ಪ್ರಶ್ನೆಗಳು ಸಾಮಾನ್ಯವಾಗಿ ಲೋಲಕ, ಮಸೂರ, ವಿದ್ಯುತ್ಕೋಶಗಳಿಗೆ ಸಂಬಂಧಿಸಿದುವು. ಆದರೆ ಒಂದು ದಿನ ಕ್ಷ-ಕಿರಣಗಳ ಪಾಠ ಮುಗಿದ ಮೇಲೆ ವಿದ್ಯಾರ್ಥಿನಿಯೊಬ್ಬಳು ಹಿಂದೆ ಉಳಿದು ಬೇರೊಂದು ಬಗೆಯ ಪ್ರಶ್ನೆಯನ್ನು ಕೇಳಿದಳು.

ಆಕೆಯ ಸೋದರತ್ತೆಗೆ ಎದೆಯಲ್ಲಿ ಗಂಟೊಂದು ಕಾಣಿಸಿಕೊಂಡು ವರ್ಷವೇ ಕಳೆದಿತ್ತು. ನೋವಿರಲಿಲ್ಲ, ಹೇಳಿಕೊಳ್ಳಲು ಸಂಕೋಚ, ಮೇಲಾಗಿ ಕಡಲೆಕಾಯಿಯ ಸುಗ್ಗಿ. ಕಡೆಗೆ ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಹೋದಾಗ ಸ್ತನದ ಏಡಿಗಂತಿಯೆಂದೂ, ಅದು ಬೆನ್ನೆಲುಬಿಗೂ ಶ್ವಾಸಕೋಶಕ್ಕೂ ಹರಡಿದೆಯೆಂದೂ ತಿಳಿಯಿತು. ಔಷಧವನ್ನು ಕೊಡುತ್ತೇವೆ, ಶಸ್ತ್ರಚಿಕಿತ್ಸೆ ಮಾಡುವುದಿಲ್ಲ ಎಂದು ವೈದ್ಯರು ಹೇಳಿದರು. ‘ಗಂತಿ ಕಣ್ಣಿಗೆ ಕಾಣುತ್ತಿದೆ, ಕೈಗೆ ಸಿಗುತ್ತಿದೆ, ಆದರೂ ಅದನ್ನು ಕೊಯ್ದು ತೆಗೆಯುವುದಿಲ್ಲವೆಂದರೆ ಏನರ್ಥ? ಬಡವರೆಂದು ಕೈಬಿಟ್ಟರೆಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದಾರೆ. ನಿಜವೆ?’ ಎಂದು ಆಕೆ ಕೇಳಿದಳು.

ನಮಗೆ ಆಗ ಉತ್ತರ ತಿಳಿಯದು. ನಾವು ವೈದ್ಯರಲ್ಲ. ಆದರೆ ಒಂದು ಮಾತು ಸತ್ಯವೋ ಅಲ್ಲವೋ ಎಂಬುದನ್ನು ಪ್ರಯೋಗದಿಂದ ತಿಳಿಯುವ ಬಗೆಯನ್ನು ಕಲಿಸುವುದೇ ನಮ್ಮ ಕಸಬು. ಆದುದರಿಂದ ಹಲವು ವಾರಗಳ ಕಾಲ ಓದಿ, ತಿಳಿದವರನ್ನು ಕೇಳಿ, ನಮಗೆ ದೊರೆತ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇವೆ. ಆ ಉತ್ತರದ ಮುಖ್ಯಭಾಗ ಒಬ್ಬ ಭಾರತೀಯ ಶಸ್ತ್ರವೈದ್ಯರ ಸಂಶೋಧನೆಯಲ್ಲಿಯೇ ಇದೆ.

ಗಂತಿಯೂ ಅದರ ಲೆಕ್ಕವೂ

ನಮ್ಮ ಶರೀರ ಕೋಟ್ಯನುಕೋಟಿ ಜೀವಕಣಗಳಿಂದ ಆಗಿದೆ. ಬೇಕಾದಾಗ ಮಾತ್ರ ಒಂದು ಕಣ ಎರಡಾಗುವುದು, ಬೇಡವಾದಾಗ ನಿಲ್ಲುವುದು, ಮುಪ್ಪಾದಾಗ ಸಾಯುವುದು ಇದು ಕಣಗಳ ಸಹಜಧರ್ಮ. ಯಾವುದೋ ಒಂದು ಕಣದ ಆನುವಂಶಿಕ ದ್ರವ್ಯದಲ್ಲಿ ದೋಷಗಳು ಒಂದರ ಮೇಲೊಂದು ಸೇರಿ, ಅದು ಈ ಕಟ್ಟಳೆಯನ್ನು ಮೀರಿ ಎರಡು, ನಾಲ್ಕು, ಎಂಟು ಎಂದು ಹೆಚ್ಚುತ್ತ ಹೋದರೆ ಏಡಿಗಂತಿ ಹುಟ್ಟುತ್ತದೆ. ಗಂತಿಯಿಂದ ಹೊರಟ ಊದಿದ ರಕ್ತನಾಳಗಳು ಏಡಿಯ ಕಾಲುಗಳಂತೆ ಕಂಡುದರಿಂದ ಗ್ರೀಕರು ಇದಕ್ಕೆ ಏಡಿಯ ಹೆಸರನ್ನು ಕೊಟ್ಟರು. ಕ್ಯಾನ್ಸರ್ ಎಂಬ ಮಾತಿಗೂ ಅದೇ ಅರ್ಥ.

ಇಮ್ಮಡಿಯ ಲೆಕ್ಕವನ್ನು ವಿದ್ಯಾರ್ಥಿಗಳು ಸ್ವತಃ ಮಾಡಿ ನೋಡಬಹುದು. ಹತ್ತು ಸಲ ಇಮ್ಮಡಿಸಿದರೆ 1,024; ಇಪ್ಪತ್ತು ಸಲಕ್ಕೆ ಹತ್ತು ಲಕ್ಷಕ್ಕೂ ಮಿಗಿಲು; ಮೂವತ್ತು ಸಲಕ್ಕೆ ನೂರು ಕೋಟಿಗೂ ಮಿಗಿಲು. ಒಂದು ಸೆಂಟಿಮೀಟರ್ ಅಗಲದ, ಕಡಲೆಬೀಜದಷ್ಟು ಗಂತಿಯಲ್ಲಿ ಹೆಚ್ಚುಕಡಮೆ ನೂರು ಕೋಟಿ ಕಣಗಳಿರುತ್ತವೆಂದು ಅಂದಾಜು. ಬೆರಳಿಗೆ ಸಿಗುವ ಹೊತ್ತಿಗೆ ಗಂತಿ ಸುಮಾರು ಮೂವತ್ತು ಸಲ ಇಮ್ಮಡಿಸಿ ಆಗಿದೆ ಎಂದಾಯಿತು. ಇನ್ನು ಹತ್ತೇ ಸಲ ಇಮ್ಮಡಿಸಿದರೆ ಅದರ ತೂಕ ಸುಮಾರು ಒಂದು ಕಿಲೋಗ್ರಾಂ ಆಗಬೇಕು. ನಡುವೆ ಅನೇಕ ಕಣಗಳು ಸಾಯುವುದರಿಂದ ನಿಜವಾದ ಬೆಳವಣಿಗೆ ಇಷ್ಟು ಅಚ್ಚುಕಟ್ಟಾಗಿರುವುದಿಲ್ಲ. ಆದರೂ ಲೆಕ್ಕದ ಸಾರ ಸ್ಪಷ್ಟವಾಗಿದೆ: ನಾವು ‘ಆರಂಭ’ ಎಂದು ಕರೆಯುವುದು ರೋಗದ ಮಟ್ಟಿಗೆ ಆರಂಭವಲ್ಲ.

ಈ ದೀರ್ಘಕಾಲದಲ್ಲಿ ಕೆಲವು ಕಣಗಳು ಗಂತಿಯಿಂದ ಕಳಚಿ ದುಗ್ಧರಸನಾಳಗಳ ಮೂಲಕ ಕಂಕುಳಿನ ಗ್ರಂಥಿಗಳಿಗೂ, ರಕ್ತದ ಮೂಲಕ ಎಲುಬು, ಶ್ವಾಸಕೋಶ, ಯಕೃತ್ತು, ಮೆದುಳುಗಳಿಗೂ ಹೋಗಿ ಅಲ್ಲಿ ನೆಲೆಯೂರಬಹುದು. ಸ್ತನದಲ್ಲಿರುವ ಗಂತಿ ಸಾಮಾನ್ಯವಾಗಿ ಯಾರನ್ನೂ ಕೊಲ್ಲುವುದಿಲ್ಲ. ಕೊಲ್ಲುವುದು ಹೀಗೆ ಹರಡಿದ ರೋಗ. ಈ ಒಂದು ಸಂಗತಿಯನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಬೇರೋ, ಬೀಜವೋ?

ಏಡಿಗಂತಿ ಹೇಗೆ ಹರಡುತ್ತದೆ ಎಂಬ ವಿಷಯದಲ್ಲಿ ಹಿಂದಿನಿಂದ ಎರಡು ಮತಗಳಿದ್ದುವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ವಿಲಿಯಂ ಹಾಲ್ಸ್ಟೆಡ್ ಎಂಬ ಪ್ರಸಿದ್ಧ ಶಸ್ತ್ರವೈದ್ಯರು, ಅದು ಮರದ ಬೇರಿನಂತೆ ಪಕ್ಕಪಕ್ಕಕ್ಕೆ ಚಾಚಿಕೊಂಡು ಹೋಗುವುದೆಂದು ಬಗೆದರು. ಹಾಗಿದ್ದಲ್ಲಿ ಬೇರಿಗಿಂತ ಅಗಲವಾಗಿ ಅಗೆದು ತೆಗೆದರೆ ರೋಗ ನಿರ್ಮೂಲವಾಗಬೇಕು. ಆದುದರಿಂದ ಅವರು ಸ್ತನವನ್ನೂ ಅದರಡಿಯ ಮಾಂಸಖಂಡಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ಒಟ್ಟಾಗಿ ಕತ್ತರಿಸಿ ತೆಗೆಯುವ ಉಗ್ರ ಶಸ್ತ್ರಚಿಕಿತ್ಸೆಯನ್ನು ಆಚರಣೆಗೆ ತಂದರು. ಮುಕ್ಕಾಲು ಶತಮಾನ ಲೋಕವೆಲ್ಲ ಅದನ್ನೇ ಅನುಸರಿಸಿತು.

ಪಿಟ್ಸ್‌ಬರ್ಗಿನ ಬರ್ನಾರ್ಡ್ ಫಿಷರ್ ಅವರದು ಬೇರೆ ಮತ. ನಮ್ಮ ಬಯಲಿನ ಎಕ್ಕದ ಗಿಡವನ್ನು ನೆನೆಯಿರಿ. ಕಾಯಿ ಒಡೆದು ರೇಷ್ಮೆಯಂಥ ಎಳೆಗಳ ಬೀಜಗಳು ಗಾಳಿಯಲ್ಲಿ ತೇಲಿಹೋದ ಮೇಲೆ ಗಿಡವನ್ನು ಬುಡಸಮೇತ ಕಿತ್ತರೂ, ಸುತ್ತಲಿನ ನೆಲವನ್ನೆಲ್ಲ ಅಗೆದರೂ, ಹಾರಿಹೋದ ಬೀಜಗಳು ಹಿಂದಿರುಗುವುದಿಲ್ಲ. ಸ್ತನದ ಏಡಿಗಂತಿ ಹೀಗೆ ಮೊದಲಿನಿಂದಲೂ ರಕ್ತದಲ್ಲಿ ಬೀಜ ಬಿತ್ತುವ ರೋಗವಾದರೆ ಕತ್ತಿಯನ್ನು ಅಗಲವಾಗಿ ಆಡಿಸಿ ಪ್ರಯೋಜನವಿಲ್ಲ. ಫಿಷರ್ ಅವರು ಇದನ್ನು ವಾದದಿಂದ ತೀರ್ಮಾನಿಸದೆ 1971ರಲ್ಲಿ ಒಂದು, 1976ರಲ್ಲಿ ಇನ್ನೊಂದು, ಹೀಗೆ ದೊಡ್ಡ ಪ್ರಯೋಗಗಳನ್ನು ಆರಂಭಿಸಿದರು. ಉಗ್ರ ಶಸ್ತ್ರಚಿಕಿತ್ಸೆಯಾದವರೂ ಸರಳ ಚಿಕಿತ್ಸೆಯಾದವರೂ ಒಂದೇ ಪ್ರಮಾಣದಲ್ಲಿ ಬದುಕಿದರು. ಇಂದು ಅನೇಕ ಸ್ತ್ರೀಯರಿಗೆ ಗಂತಿಯನ್ನು ಮಾತ್ರ ತೆಗೆದು, ವಿಕಿರಣವನ್ನು ಕೊಟ್ಟು, ಸ್ತನವನ್ನು ಉಳಿಸುವುದು ಸಾಧ್ಯವಾಗಿರುವುದು ಈ ಪ್ರಯೋಗಗಳ ಫಲ.

ಆದರೆ ಇವೆಲ್ಲ ರೋಗ ದೂರಕ್ಕೆ ಹರಡಿದುದು ಇನ್ನೂ ಕಾಣದವರ ಮಾತು. ಹರಡಿಬಿಟ್ಟಿರುವವರಲ್ಲಿ ತಾಯಿಗಂತಿಯನ್ನು ಏನು ಮಾಡಬೇಕು? ತೆಗೆದರೆ ಇನ್ನಷ್ಟು ಬೀಜ ಬೀಳುವುದು ನಿಲ್ಲುತ್ತದೆ ಎಂದು ಕೆಲವರು ಹೇಳಿದರು. ಪ್ರಯೋಗಶಾಲೆಯ ಇಲಿಗಳಲ್ಲಿ ಮೊದಲ ಗಂತಿಯನ್ನು ತೆಗೆದಾಗ ದೂರದ ಗಂತಿಗಳು ಬೇಗ ಬೆಳೆದುದುಂಟು, ಆದುದರಿಂದ ಮುಟ್ಟುವುದೇ ಅಪಾಯ ಎಂದು ಇನ್ನು ಕೆಲವರು ಹೇಳಿದರು. ಎರಡು ಮಾತೂ ಯುಕ್ತಿಯುಕ್ತವೇ. ಯುಕ್ತಿಯಿಂದ ಮಾತ್ರ ತೀರ್ಮಾನವಾಗದ ಪ್ರಶ್ನೆ ಇದು.

ಮುಂಬಯಿಯಲ್ಲಿ

ಕರ್ನಾಟಕದಲ್ಲಿ ಏಡಿಗಂತಿಗೆಂದೇ ಮೀಸಲಾದ ದೊಡ್ಡ ಸಂಸ್ಥೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ. ಅದು ಸ್ಥಾಪಿತವಾದುದು 1973ರಲ್ಲಿ. ಕಲಬುರಗಿಯ ಕಡುಬಡ ಕುಟುಂಬದಲ್ಲಿ ಹುಟ್ಟಿ, ಅಲ್ಲಿ ಬಹುಕಾಲ ಸ್ತನದ ಏಡಿಗಂತಿಯ ಶಸ್ತ್ರವೈದ್ಯೆಯಾಗಿ ದುಡಿದ ಡಾ. ವಿಜಯಲಕ್ಷ್ಮಿ ದೇಶಮಾನೆಯವರಿಗೆ 2025ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದುದನ್ನು ವಾಚಕರು ಕೇಳಿರಬಹುದು. ಕಿದ್ವಾಯಿಗಿಂತ ಮೂರು ದಶಕಗಳಷ್ಟು ಹಿಂದೆ, 1941ರಲ್ಲಿ, ಮುಂಬಯಿಯ ಪರೇಲಿನಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ಆರಂಭವಾಯಿತು. ದೇಶದ ಎಲ್ಲ ಮೂಲೆಗಳಿಂದಲೂ ರೋಗಿಗಳು ಅಲ್ಲಿಗೆ ಹೋಗುತ್ತಾರೆ. ರೋಗ ಹರಡಿದ ಮೇಲೆ ಬರುವ ಸ್ತ್ರೀಯರೂ ಅವರಲ್ಲಿ ಅನೇಕರು. ಆದುದರಿಂದ ನಮ್ಮ ಪ್ರಶ್ನೆ ಅಲ್ಲಿ ಏಳುವುದು ಸಹಜವಾಗಿತ್ತು. ಅದನ್ನು ಪ್ರಯೋಗಕ್ಕೆ ಒಡ್ಡಿದವರು ಅಲ್ಲಿಯ ಶಸ್ತ್ರವೈದ್ಯ ಡಾ. ರಾಜೇಂದ್ರ ಬಡ್ವೆ. ಮುಂದೆ ಅವರು ಟಾಟಾ ಸ್ಮಾರಕ ಕೇಂದ್ರದ ನಿರ್ದೇಶಕರೂ ಆಗಿದ್ದರು. 2013ರಲ್ಲಿ ಪದ್ಮಶ್ರೀ ಪುರಸ್ಕೃತರಾದರು.

ಬಡ್ವೆಯವರು ತರುಣರಾಗಿದ್ದಾಗ ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಕೆಲಸಮಾಡಿದ್ದರು. ಅಲ್ಲಿಯ ಹಳೆಯ ದಾಖಲೆಗಳಿಂದ, ಮುಟ್ಟು ನಿಲ್ಲದ 249 ಸ್ತ್ರೀಯರ ವೃತ್ತಾಂತವನ್ನು ಅವರೂ ಅವರ ಸಹೋದ್ಯೋಗಿಗಳೂ ಪರಿಶೀಲಿಸಿ 1991ರಲ್ಲಿ ಒಂದು ಆಶ್ಚರ್ಯಕರವಾದ ವಿಷಯವನ್ನು ಪ್ರಕಟಿಸಿದರು. ಮುಟ್ಟಾದ 3ರಿಂದ 12ನೆಯ ದಿನದೊಳಗೆ ಶಸ್ತ್ರಚಿಕಿತ್ಸೆಯಾದವರಲ್ಲಿ ಹತ್ತು ವರ್ಷಗಳ ಮೇಲೂ ಬದುಕಿದ್ದವರು ನೂರಕ್ಕೆ 54. ಉಳಿದ ದಿನಗಳಲ್ಲಿ ಆದವರಲ್ಲಿ ನೂರಕ್ಕೆ 84. ಶಸ್ತ್ರಚಿಕಿತ್ಸೆಯ ಕಾಲದಲ್ಲಿ ಶರೀರದೊಳಗಿನ ಹಾರ್ಮೋನುಗಳ ಸ್ಥಿತಿ ರೋಗದ ಗತಿಯನ್ನು ಬದಲಿಸಬಹುದೆ?

ಬೇರೆ ಆಸ್ಪತ್ರೆಗಳವರು ತಮ್ಮ ದಾಖಲೆಗಳನ್ನು ತೆಗೆದು ಲೆಕ್ಕ ಹಾಕಿದರು. ಕೆಲವರಿಗೆ ಇದೇ ಫಲ ಬಂತು, ಕೆಲವರಿಗೆ ಬರಲಿಲ್ಲ. ಹಳೆಯ ದಾಖಲೆಗಳನ್ನು ಎಷ್ಟು ತಿರುವಿಹಾಕಿದರೂ ಸಂಶಯ ಉಳಿದೇ ಇತ್ತು. ಭಾರತಕ್ಕೆ ಮರಳಿದ ಬಡ್ವೆಯವರು ಈ ಊಹೆಯನ್ನು ಪ್ರಯೋಗದಿಂದಲೇ ಪರೀಕ್ಷಿಸಲು ತೊಡಗಿ, ಸಾವಿರ ಮಂದಿ ಸ್ತ್ರೀಯರಲ್ಲಿ ಅರ್ಧದಷ್ಟು ಮಂದಿಗೆ ಶಸ್ತ್ರಚಿಕಿತ್ಸೆಗೆ ಮುಂಚೆ ಪ್ರೊಜೆಸ್ಟರೋನ್ ವರ್ಗದ ಹಾರ್ಮೋನಿನ ಒಂದೇ ಒಂದು ಚುಚ್ಚುಮದ್ದನ್ನು ಕೊಡಿಸಿದರು. 2011ರಲ್ಲಿ ಫಲ ಪ್ರಕಟವಾಯಿತು. ಎಲ್ಲರನ್ನೂ ಒಟ್ಟಿಗೆ ತೆಗೆದುಕೊಂಡರೆ ವ್ಯತ್ಯಾಸ ಸಿದ್ಧವಾಗಲಿಲ್ಲ; ಕಂಕುಳಿನ ಗ್ರಂಥಿಗಳಿಗೆ ರೋಗ ತಗುಲಿದ್ದ 471 ಮಂದಿಯಲ್ಲಿ ಮಾತ್ರ ಲಾಭದ ಸೂಚನೆ ಕಂಡಿತು. ಅವರು ಈ ಎರಡನ್ನೂ ಇದ್ದುದಿದ್ದಂತೆ ಬರೆದರು.

ಕಡಲೆಕಾಯಿ ಹೊಲದ ಪಾಠ

ಹಳೆಯ ದಾಖಲೆಗಳ ಲೆಕ್ಕ ಏಕೆ ಸಾಲದು? ಇದನ್ನು ನಮ್ಮ ಸೀಮೆಯ ಒಂದು ಉದಾಹರಣೆಯಿಂದ ವಿವರಿಸಬಹುದು. ಪಾವಗಡದ ರೈತನೊಬ್ಬನಿಗೆ ಎರಡು ಹೊಲಗಳಿವೆ ಎಂದುಕೊಳ್ಳೋಣ. ಒಂದು ಕೆರೆಯ ಮಗ್ಗುಲಿನ ಆಳವಾದ ಮಣ್ಣಿನ ಹೊಲ; ಇನ್ನೊಂದು ಗುಡ್ಡದ ಇಳುಕಲಿನ ಗರಸು ನೆಲ. ಆತ ಹೆಚ್ಚು ಬೆಲೆ ತೆತ್ತು ಹೊಸ ತಳಿಯ ಕಡಲೆಕಾಯಿ ಬೀಜವನ್ನು ತರುತ್ತಾನೆ. ದುಬಾರಿ ಬೀಜವನ್ನು ಗರಸಿನಲ್ಲಿ ಹಾಕಿ ಹಾಳುಮಾಡುವವರುಂಟೆ? ಅದನ್ನು ಒಳ್ಳೆಯ ಹೊಲಕ್ಕೂ ಹಳೆಯ ಬೀಜವನ್ನು ಇಳುಕಲಿಗೂ ಹಾಕುತ್ತಾನೆ. ಹೊಸ ಬೀಜದ ಇಳುವರಿ ಇಮ್ಮಡಿಯಾಗುತ್ತದೆ. ಇದು ಬೀಜದ ಗುಣವೋ ಮಣ್ಣಿನ ಗುಣವೋ? ಹತ್ತು ವರ್ಷ ಹೀಗೆಯೇ ಬಿತ್ತಿದರೂ ಉತ್ತರ ತಿಳಿಯದು.

ಹರಡಿದ ಏಡಿಗಂತಿಯ ವಿಷಯದಲ್ಲಿ ಆದುದೂ ಇದೇ. ಅಮೆರಿಕದ ಡಾ. ಸೀಮಾ ಖಾನ್ ಮತ್ತು ಅವರ ಸಹೋದ್ಯೋಗಿಗಳು 16,023 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2002ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಇವರೆಲ್ಲರೂ ರೋಗ ಹರಡಿದ ಮೇಲೆ ಪತ್ತೆಯಾದವರು. ಸ್ತನವನ್ನು ಪೂರ್ತಿಯಾಗಿ ತೆಗೆಯಿಸಿಕೊಂಡವರಲ್ಲಿ ಮೂರು ವರ್ಷ ಬದುಕಿದವರು ನೂರಕ್ಕೆ ಸುಮಾರು 32. ಶಸ್ತ್ರಚಿಕಿತ್ಸೆ ಇಲ್ಲದವರಲ್ಲಿ ನೂರಕ್ಕೆ ಸುಮಾರು 17. ಮೇಲುನೋಟಕ್ಕೆ ಕತ್ತಿಯ ಲಾಭ ನಿಸ್ಸಂದೇಹವೆಂದು ತೋರುತ್ತದೆ. ಆದರೆ ವೈದ್ಯರು ಯಾರನ್ನು ಶಸ್ತ್ರಚಿಕಿತ್ಸೆಗೆ ಆರಿಸಿಕೊಂಡಿದ್ದರು? ಸಾಮಾನ್ಯವಾಗಿ ಶಕ್ತಿವಂತರನ್ನು, ರೋಗ ಸ್ವಲ್ಪವೇ ಹರಡಿದ್ದವರನ್ನು, ಔಷಧಕ್ಕೆ ಚೆನ್ನಾಗಿ ಬಗ್ಗಿದವರನ್ನು. ಅಂದರೆ ಒಳ್ಳೆಯ ಬೀಜ ಒಳ್ಳೆಯ ಹೊಲಕ್ಕೇ ಬಿದ್ದಿತ್ತು.

ಇದಕ್ಕೆ ಪರಿಹಾರವನ್ನು 1920ರ ದಶಕದಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾಲಯದಲ್ಲಿದ್ದ ರೊನಾಲ್ಡ್ ಫಿಷರ್ ಎಂಬ ಗಣಿತಜ್ಞರು ತೋರಿಸಿಕೊಟ್ಟರು. (ಮೇಲೆ ಹೇಳಿದ ಬರ್ನಾರ್ಡ್ ಫಿಷರ್ ಬೇರೆ, ಇವರು ಬೇರೆ.) ಹೊಲವನ್ನು ಸಣ್ಣ ಸಣ್ಣ ಪಾತಿಗಳಾಗಿ ಒಡೆದು, ಯಾವ ಪಾತಿಗೆ ಯಾವ ಬೀಜವೆಂಬುದನ್ನು ಚೀಟಿ ಎತ್ತಿ ಗೊತ್ತುಮಾಡಬೇಕು. ಆಗ ಒಳ್ಳೆಯ ಮಣ್ಣೂ ಕೆಟ್ಟ ಮಣ್ಣೂ ಎರಡು ಬೀಜಗಳಿಗೂ ಹೆಚ್ಚುಕಡಮೆ ಸಮನಾಗಿ ಹಂಚಿಹೋಗುತ್ತವೆ. ನಮಗೆ ತಿಳಿದಿರುವ ವ್ಯತ್ಯಾಸಗಳು ಮಾತ್ರವಲ್ಲ, ತಿಳಿಯದಿರುವ ವ್ಯತ್ಯಾಸಗಳೂ ಹಂಚಿಹೋಗುತ್ತವೆ. ಚೀಟಿಯ ಮಹಿಮೆ ಇರುವುದು ಇಲ್ಲಿಯೇ. ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್ ಔಷಧದ ಪರೀಕ್ಷೆ ಹೀಗೆ ನಡೆದು 1948ರಲ್ಲಿ ಅದರ ಫಲ ಪ್ರಕಟವಾದ ಮೇಲೆ ವೈದ್ಯಶಾಸ್ತ್ರವೂ ಈ ಮಾರ್ಗವನ್ನು ಹಿಡಿಯಿತು.

ರೋಗಿಯ ಚಿಕಿತ್ಸೆಯನ್ನು ಚೀಟಿಯಿಂದ ಗೊತ್ತುಮಾಡುವುದು ಕ್ರೌರ್ಯವಲ್ಲವೆ ಎಂದು ಕೆಲವರಿಗೆ ಅನ್ನಿಸಬಹುದು. ಎರಡರಲ್ಲಿ ಒಂದು ಮೇಲೆಂದು ತಿಳಿದಿದ್ದರೆ ಅದು ಕ್ರೌರ್ಯವೇ ಸರಿ. ಯಾವುದು ಮೇಲೆಂಬುದು ಯಾರಿಗೂ ತಿಳಿಯದಿರುವಾಗ, ರೋಗಿಗೆ ಎಲ್ಲವನ್ನೂ ಹೇಳಿ ಒಪ್ಪಿಗೆ ಪಡೆದು ಹಾಗೆ ಮಾಡುವುದು ಪ್ರಾಮಾಣಿಕತೆ. ತಿಳಿಯದೆಯೇ ತಿಳಿದವರಂತೆ ಕತ್ತಿ ಹಿಡಿಯುವುದು ಅದಕ್ಕಿಂತ ಕ್ರೂರವಾದದ್ದು.

350 ಮಂದಿ ಸ್ತ್ರೀಯರು

2005ರ ಫೆಬ್ರವರಿಯಿಂದ 2013ರ ಜನವರಿಯವರೆಗೆ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಬಡ್ವೆಯವರ ನೇತೃತ್ವದಲ್ಲಿ ಈ ಪ್ರಯೋಗ ನಡೆಯಿತು. ಮೊದಲ ಸಲ ಬಂದಾಗಲೇ ರೋಗ ಹರಡಿದ್ದ 716 ಮಂದಿ ಸ್ತ್ರೀಯರನ್ನು ಪರಿಶೀಲಿಸಲಾಯಿತು. ಅವರಲ್ಲಿ 65 ವರ್ಷ ಮೀರದ, ಮೊದಲ ಹಂತದ ಔಷಧಗಳಿಗೆ ಗಂತಿ ಕುಗ್ಗಿದ 350 ಮಂದಿಯನ್ನು ಮೇಲಿನ ಕ್ರಮದಲ್ಲಿ ವಿಂಗಡಿಸಲಾಯಿತು. 173 ಮಂದಿಗೆ ಸ್ತನದ ಮತ್ತು ಕಂಕುಳಿನ ಶಸ್ತ್ರಚಿಕಿತ್ಸೆಯೂ ಅನಂತರ ವಿಕಿರಣ ಚಿಕಿತ್ಸೆಯೂ ನಡೆದುವು. 177 ಮಂದಿಗೆ ಅವು ಇಲ್ಲ. ಹುಣ್ಣು, ರಕ್ತಸ್ರಾವ ಮೊದಲಾದ ಉಪದ್ರವಗಳಿಂದ ಅವಶ್ಯವಾದವರಿಗೆ ಮಾತ್ರ ಆಗ ಶಸ್ತ್ರಚಿಕಿತ್ಸೆ. ಹಾರ್ಮೋನ್ ಚಿಕಿತ್ಸೆ ಮೊದಲಾದ ಉಳಿದ ಆರೈಕೆ ಎರಡು ಗುಂಪಿನವರಿಗೂ ದೊರೆಯಿತು.

2015ರಲ್ಲಿ ಫಲ ಪ್ರಕಟವಾಯಿತು. ಒಂದು ಗುಂಪಿನಲ್ಲಿ ಅರ್ಧ ಮಂದಿ ಯಾವ ಅವಧಿಯನ್ನು ದಾಟಿ ಬದುಕುತ್ತಾರೋ ಅದಕ್ಕೆ ಮಧ್ಯಕ ಆಯುಸ್ಸು ಎಂದು ಹೆಸರು. ಶಸ್ತ್ರಚಿಕಿತ್ಸೆಯಾದವರಲ್ಲಿ ಅದು 19.2 ತಿಂಗಳು, ಆಗದವರಲ್ಲಿ 20.5 ತಿಂಗಳು. ಎರಡು ವರ್ಷ ಬದುಕಿದವರು ಮೊದಲ ಗುಂಪಿನಲ್ಲಿ ನೂರಕ್ಕೆ 41.9, ಎರಡನೆಯ ಗುಂಪಿನಲ್ಲಿ 43.0. ನಾಣ್ಯವನ್ನು ನೂರು ಸಲ ಚಿಮ್ಮಿದರೆ ಸರಿಯಾಗಿ ಐವತ್ತು ಸಲ ತಲೆ ಬೀಳುವುದು ಅಪರೂಪವಷ್ಟೆ. ನಲವತ್ತೇಳೋ ಐವತ್ತನಾಲ್ಕೋ ಬೀಳುತ್ತದೆ. ಈ ಎರಡು ಗುಂಪುಗಳ ಅಂತರ ಅಂಥ ಆಕಸ್ಮಿಕದ ಮೇರೆಯೊಳಗೇ ಇತ್ತು. ಕತ್ತಿಯಿಂದ ಆಯುಸ್ಸು ಬೆಳೆಯಲಿಲ್ಲ.

ಇನ್ನೂ ಒಂದು ವಿಷಯ ಗಮನಾರ್ಹವಾದುದು. ಸ್ತನದಲ್ಲಿ ಮತ್ತು ಕಂಕುಳಿನಲ್ಲಿ ರೋಗ ಮತ್ತೆ ಬೆಳೆಯುವುದು ಶಸ್ತ್ರಚಿಕಿತ್ಸೆಯಾದವರಲ್ಲಿ ಬಹಳ ಕಡಮೆಯಾಯಿತು. ಆದರೆ ದೂರದ ಅಂಗಗಳಲ್ಲಿ ರೋಗ ಮುಂದುವರಿಯುವುದು ಅವರಲ್ಲಿಯೇ ಬೇಗನೆ ಕಂಡುಬಂತು. ಹೊಲದ ಒಂದು ಮೂಲೆಯನ್ನು ಶುಚಿಮಾಡಿದುದರಿಂದ ಇಡೀ ಹೊಲದ ಗತಿ ಬದಲಾಗಲಿಲ್ಲ.

ಈ ‘ಇಲ್ಲ’ ಎಂಬ ಉತ್ತರಕ್ಕೆ ಎಂಟು ವರ್ಷಗಳ ಶ್ರಮ ಬೇಕಾಯಿತು. ಶಸ್ತ್ರವೈದ್ಯರೊಬ್ಬರು ಶಸ್ತ್ರದಿಂದ ಉಪಯೋಗವಿಲ್ಲವೆಂದು ತಾವೇ ಸಾಧಿಸಿ ತೋರಿಸುವುದು ಸಾಮಾನ್ಯವಾದ ಮಾತಲ್ಲ. ಈ ಉತ್ತರದಿಂದ ಯಾವ ಹೊಸ ಔಷಧವೂ ಹುಟ್ಟಲಿಲ್ಲ. ಆದರೂ ಇದರ ಬೆಲೆಯನ್ನು ಬಡರೋಗಿಯ ಲೆಕ್ಕದಲ್ಲಿ ನೋಡಿರಿ. ಬದುಕಿನ ಉಳಿದ ಇಪ್ಪತ್ತು ತಿಂಗಳುಗಳಲ್ಲಿ ಒಂದೆರಡನ್ನು ಆಸ್ಪತ್ರೆಯ ಹಾಸಿಗೆಯಲ್ಲಿ ಕಳೆಯುವುದು, ಗಾಯದ ನೋವು, ವಿಕಿರಣಕ್ಕಾಗಿ ಊರು ಬಿಟ್ಟು ವಾರಗಟ್ಟಲೆ ನಿಲ್ಲುವುದು, ಅದಕ್ಕಾಗಿ ಹಸುವನ್ನೋ ಹೊಲವನ್ನೋ ಮಾರುವುದು, ಇವೆಲ್ಲ ಉಳಿದುವು.

ಬೇರೆಡೆಯ ಸಾಕ್ಷ್ಯ

ಒಂದೇ ಆಸ್ಪತ್ರೆಯ ಪ್ರಯೋಗದಿಂದ ಲೋಕ ತೃಪ್ತವಾಗಲಿಲ್ಲ, ಆಗಲೂ ಬಾರದು. ಹರ್-2 ಎಂಬ ಪ್ರೋಟೀನು ಅಧಿಕವಾಗಿರುವ ಗಂತಿಗಳಿಗೆ ಟ್ರಾಸ್ಟುಜುಮಾಬ್ ಎಂಬ ಔಷಧ ಇದ್ದರೂ, ಅದು ದುಬಾರಿಯಾದುದರಿಂದ ಮುಂಬಯಿಯ ಪ್ರಯೋಗದಲ್ಲಿ ಅಂಥ ಬಹುಮಂದಿಗೆ ಅದು ದೊರೆತಿರಲಿಲ್ಲ. ಔಷಧಗಳು ಉತ್ತಮವಾಗಿದ್ದರೆ ಶಸ್ತ್ರಚಿಕಿತ್ಸೆಯೂ ಫಲಿಸುತ್ತಿತ್ತೋ ಏನೋ ಎಂದು ಕೆಲವರು ಆಕ್ಷೇಪಿಸಿದರು. ಟರ್ಕಿ ದೇಶದ ಪ್ರಯೋಗವೊಂದರಲ್ಲಿ, ಔಷಧಕ್ಕೆ ಮುಂಚೆಯೇ ಶಸ್ತ್ರಚಿಕಿತ್ಸೆಯಾದವರು ಐದು ವರ್ಷಗಳ ಲೆಕ್ಕದಲ್ಲಿ ಹೆಚ್ಚಾಗಿ ಬದುಕಿದಂತೆ ಕಂಡಿತು. ಆದರೆ ಅಲ್ಲಿ ಸೌಮ್ಯ ಬಗೆಯ ರೋಗದವರು ಆ ಗುಂಪಿನಲ್ಲಿಯೇ ಹೆಚ್ಚಾಗಿ ಸೇರಿದ್ದರೆಂಬ ಟೀಕೆಯೂ ಬಂತು.

ಕಡೆಗೆ ಅಮೆರಿಕದಲ್ಲಿ ದೊಡ್ಡ ಪ್ರಯೋಗವೊಂದು ನಡೆಯಿತು. ಅದರ ನೇತೃತ್ವವನ್ನು ವಹಿಸಿದವರು 2002ರ ಲೇಖನವನ್ನು ಬರೆದ ಸೀಮಾ ಖಾನ್ ಅವರೇ. ತಮ್ಮ ಲೆಕ್ಕವನ್ನು ತಾವೇ ಪರೀಕ್ಷೆಗೆ ಒಡ್ಡಿದರು. ಚೀಟಿಯಿಂದ ವಿಂಗಡಿಸಿದ 256 ಮಂದಿಯ ಫಲ 2020ರಲ್ಲಿ ಹೊರಬಿತ್ತು. ಮೂರು ವರ್ಷ ಬದುಕಿದವರು ಶಸ್ತ್ರಚಿಕಿತ್ಸೆಯಾದವರಲ್ಲಿ ನೂರಕ್ಕೆ 68.4, ಆಗದವರಲ್ಲಿ 67.9. ಉತ್ತಮ ಔಷಧಗಳಿಂದ ಎರಡು ಗುಂಪಿನವರೂ ಮುಂಬಯಿಯವರಿಗಿಂತ ಹೆಚ್ಚು ಕಾಲ ಬದುಕಿದರು. ಕತ್ತಿಯ ವಿಷಯದಲ್ಲಿ ಮಾತ್ರ ಮುಂಬಯಿಯ ಉತ್ತರವೇ ನಿಂತಿತು.

ಗಿಡಮೂಲಿಕೆಗಳಿಗೆ ಹೆಸರಾದ ಸಿದ್ಧರಬೆಟ್ಟ ನಮ್ಮ ಕೊರಟಗೆರೆ ತಾಲ್ಲೂಕಿನಲ್ಲಿಯೇ ಇದೆ. ಸೊಪ್ಪಿನ ಪಟ್ಟುಹಾಕಿ ಗಂತಿಯನ್ನು ಕರಗಿಸುವ ಮಾತನ್ನು ಈ ಕಡೆ ಆಗಾಗ್ಗೆ ಕೇಳುತ್ತೇವೆ. ಗಿಡಗಳಲ್ಲಿ ಔಷಧವಿಲ್ಲವೆಂದು ನಾವು ಹೇಳುವುದಿಲ್ಲ. ಹರಡಿದ ಸ್ತನದ ಏಡಿಗಂತಿಗೆ ಬಳಸುವ ವಿನೊರೆಲ್ಬಿನ್ ಎಂಬ ಔಷಧ ನಮ್ಮ ಅಂಗಳಗಳಲ್ಲಿ ಹೂಬಿಡುವ ಕಾಶಿಕಣಗಿಲೆಯ ಸಾರದಿಂದಲೇ ಬಂದುದು. ಆದರೆ ಅದು ಔಷಧವೆನಿಸಿಕೊಂಡುದು ಪ್ರಯೋಗದ ಕಟಕಟೆಯನ್ನು ಹತ್ತಿ ಇಳಿದ ಮೇಲೆ. ದೊಡ್ಡ ಆಸ್ಪತ್ರೆಯ ಕತ್ತಿಗೆ ಯಾವ ಪರೀಕ್ಷೆಯೋ ಬೆಟ್ಟದ ಬೇರಿಗೂ ಅದೇ ಪರೀಕ್ಷೆ.

ಅಗ್ಗದ ಚುಚ್ಚುಮದ್ದು

ಬಡ್ವೆಯವರ ಪ್ರಶ್ನೆಗಳಿಗೆ ‘ಇಲ್ಲ’ ಎಂಬುದೊಂದೇ ಉತ್ತರವಾಗಿರಲಿಲ್ಲ. ಶಸ್ತ್ರಚಿಕಿತ್ಸೆಯ ಆ ಕೆಲವು ನಿಮಿಷಗಳಲ್ಲಿ ಏನಾಗುತ್ತದೆ ಎಂಬ ಹಳೆಯ ಕುತೂಹಲ ಅವರನ್ನು ಬಿಡಲಿಲ್ಲ. ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಈ ಭಾಗ ವಿಶೇಷವಾಗಿ ರುಚಿಸಬಹುದು. ಪ್ರತಿಯೊಂದು ಜೀವಕಣವೂ ಒಂದು ಸಣ್ಣ ವಿದ್ಯುತ್ಕೋಶದಂತೆ. ಅದರ ಪೊರೆಯ ಒಳಗೂ ಹೊರಗೂ ಒಂದು ವೋಲ್ಟಿನ ಕೆಲವು ಶತಾಂಶಗಳಷ್ಟು ವಿಭವಾಂತರವಿರುತ್ತದೆ. ವಿಭವಕ್ಕೆ ತಕ್ಕಂತೆ ತೆರೆದು ಮುಚ್ಚುವ ಸೋಡಿಯಂ ಬಾಗಿಲುಗಳು ಆ ಪೊರೆಯಲ್ಲಿವೆ. ನರಗಳಲ್ಲಿ ನೋವಿನ ಸಂದೇಶ ಸಾಗುವುದು ಇವುಗಳಿಂದಲೇ. ಹಲ್ಲು ಕೀಳುವಾಗ ವೈದ್ಯರು ಚುಚ್ಚುವ ಲಿಡೊಕೇನ್ ಈ ಬಾಗಿಲುಗಳನ್ನು ಮುಚ್ಚಿಬಿಡುತ್ತದೆ. ಏಡಿಗಂತಿಯ ಕಣಗಳಲ್ಲಿಯೂ ಇಂಥ ಬಾಗಿಲುಗಳುಂಟು. ಅವು ಆ ಕಣಗಳ ಚಲನೆಗೆ ನೆರವಾಗುತ್ತವೆಂದು ಪ್ರಯೋಗಶಾಲೆಯಲ್ಲಿ ಕಂಡುಬಂದಿತ್ತು.

ಹಾಗಾದರೆ ಇನ್ನೂ ಹರಡದ ಗಂತಿಯನ್ನು ತೆಗೆಯುವುದಕ್ಕೆ ಮುಂಚೆ ಅದರ ಸುತ್ತ ಲಿಡೊಕೇನನ್ನು ಚುಚ್ಚಿದರೆ, ಕೊಯ್ಯುವಾಗ ಕಣಗಳು ತಪ್ಪಿಸಿಕೊಳ್ಳುವುದು ಕಡಮೆಯಾದೀತೆ? ದೇಶದ 11 ಕೇಂದ್ರಗಳಲ್ಲಿ 1,600 ಮಂದಿ ಸ್ತ್ರೀಯರು ಈ ಪ್ರಯೋಗಕ್ಕೆ ಸೇರಿದರು. ಗಂತಿಯನ್ನು ತೆಗೆಯುವ 7ರಿಂದ 10 ನಿಮಿಷ ಮುಂಚೆ ಅರ್ಧದಷ್ಟು ಮಂದಿಗೆ ಚುಚ್ಚುಮದ್ದು ಬಿತ್ತು. ಐದು ವರ್ಷಗಳ ಮೇಲೂ ಬದುಕಿದ್ದವರು ಅವರಲ್ಲಿ ನೂರಕ್ಕೆ 90.1, ಉಳಿದವರಲ್ಲಿ 86.4. 2022ರಲ್ಲಿ ಪ್ಯಾರಿಸಿನ ಸಮ್ಮೇಳನದಲ್ಲಿ ಓದಲಾದ ಈ ಫಲ 2023ರಲ್ಲಿ ಅಚ್ಚಾಯಿತು. ಲಾಭಕ್ಕೆ ಸೋಡಿಯಂ ಬಾಗಿಲುಗಳೇ ಕಾರಣವೆಂಬುದು ಇನ್ನೂ ಊಹೆ. ಬೇರೆ ದೇಶಗಳಲ್ಲಿಯೂ ಇಂಥ ಪ್ರಯೋಗ ನಡೆದು ಫಲ ಸ್ಥಿರಪಡಬೇಕು. ಆದರೂ ನೂರಕ್ಕೆ ಮೂರು ನಾಲ್ಕು ಜೀವಗಳು ಇಷ್ಟು ಅಗ್ಗದ ಮದ್ದಿನಿಂದ ಉಳಿಯುವುದಾದರೆ ಅದು ಅಲ್ಪವಾದ ಸಂಗತಿಯಲ್ಲ.

ಬೆರಳೇ ಉಪಕರಣ

ಈಗ ನಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಬರೋಣ. ಆಕೆಯ ಸೋದರತ್ತೆಯನ್ನು ಯಾರೂ ಕೈಬಿಡಲಿಲ್ಲ. ರೋಗ ಈಗ ಇಡೀ ಶರೀರದ್ದು. ಆದುದರಿಂದ ಇಡೀ ಶರೀರವನ್ನು ತಲಪುವ ಔಷಧವೇ ಮುಖ್ಯ. ಗಂತಿ ಯಾವ ಬಗೆಯದೆಂದು ಪರೀಕ್ಷಿಸಿ ಹಾರ್ಮೋನನ್ನು ತಡೆಯುವ ಮಾತ್ರೆಯನ್ನೋ, ಹರ್-2 ಪ್ರೋಟೀನನ್ನು ಹಿಡಿಯುವ ಔಷಧವನ್ನೋ, ಬೇರೊಂದನ್ನೋ ಕೊಡುತ್ತಾರೆ. ಎಲುಬಿನ ನೋವಿಗೆ ವಿಕಿರಣವುಂಟು. ಗಂತಿ ಹುಣ್ಣಾಗಿ ಕಾಡಿದರೆ ಶಸ್ತ್ರಚಿಕಿತ್ಸೆಗೂ ಸ್ಥಳವುಂಟು. ಧನಿಕಳಾದ ಸ್ತ್ರೀಯೊಬ್ಬಳು ಇದೇ ಸ್ಥಿತಿಯಲ್ಲಿ ಅಮೆರಿಕದ ಆಸ್ಪತ್ರೆಗೆ ಹೋಗಿದ್ದರೂ ಮೊದಲು ಔಷಧವನ್ನೇ ಕೊಡುತ್ತಿದ್ದರು. ಆ ತಿಳಿವಳಿಕೆಗೆ ನಮ್ಮ ದೇಶದ 350 ಮಂದಿ ಸ್ತ್ರೀಯರು ತಮ್ಮ ಶರೀರದಿಂದಲೇ ಸಾಕ್ಷ್ಯ ನುಡಿದಿದ್ದಾರೆ.

ಇಷ್ಟನ್ನು ಹೇಳಿ ಸುಮ್ಮನಾದರೆ ಅರ್ಧವನ್ನು ಮಾತ್ರ ಹೇಳಿದಂತಾಗುತ್ತದೆ. ಬಡ್ವೆಯವರೂ ಭಾಗಿಗಳಾಗಿದ್ದ ಇನ್ನೊಂದು ಪ್ರಯೋಗವುಂಟು; ಅದನ್ನು ನಡೆಸಿದವರು ಡಾ. ಇಂದ್ರನೀಲ್ ಮಿತ್ರ ಮತ್ತು ಅವರ ಸಂಗಡಿಗರು. 1998ರಲ್ಲಿ ಆರಂಭವಾಗಿ ಇಪ್ಪತ್ತು ವರ್ಷ ನಡೆದ ಈ ಪ್ರಯೋಗದಲ್ಲಿ ಮುಂಬಯಿಯ ಬಡ ಬಡಾವಣೆಗಳ 1,51,538 ಮಂದಿ ಸ್ತ್ರೀಯರಿದ್ದರು. ಅರ್ಧದಷ್ಟು ಮಂದಿಯನ್ನು, ತರಬೇತು ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಗಳಿಗೊಮ್ಮೆ, ನಾಲ್ಕು ಸಲ, ಬರಿಗೈಯಿಂದ ಪರೀಕ್ಷಿಸಿದರು. ಯಂತ್ರವಿಲ್ಲ, ಕ್ಷ-ಕಿರಣವಿಲ್ಲ. ಪರೀಕ್ಷೆಗೆ ಒಳಗಾದ ಗುಂಪಿನಲ್ಲಿ ರೋಗ ಹರಡುವುದಕ್ಕೆ ಮುಂಚೆಯೇ ಪತ್ತೆಯಾಗುವುದು ಹೆಚ್ಚಿತು. 50 ವರ್ಷ ದಾಟಿದವರಲ್ಲಿ ಸ್ತನದ ಏಡಿಗಂತಿಯ ಸಾವುಗಳು ನೂರಕ್ಕೆ ಸುಮಾರು 30ರಷ್ಟು ಕಡಮೆಯಾದುವು. ಅದಕ್ಕಿಂತ ಚಿಕ್ಕವರಲ್ಲಿ ಸಾವಿನ ವ್ಯತ್ಯಾಸ ಸಿದ್ಧವಾಗಲಿಲ್ಲ. 2021ರಲ್ಲಿ ಈ ಫಲ ಪ್ರಕಟವಾಯಿತು.

ಪಾವಗಡದ ತಿರುಮಣಿಯ ಬಯಲಿನಲ್ಲಿ ಎರಡು ಸಾವಿರ ಮೆಗಾವ್ಯಾಟಿಗೂ ಮಿಗಿಲಾದ ಸೌರವಿದ್ಯುತ್ ಸ್ಥಾವರ ಎದ್ದುನಿಂತಿದೆ. ನಮ್ಮ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದು ಬೆಳಕಿನಿಂದ ವಿದ್ಯುತ್ತಾಗುವುದನ್ನು ತೋರಿಸುತ್ತೇವೆ. ಅದು ದೊಡ್ಡ ವಿಜ್ಞಾನವೇ. ಆದರೆ ಅದೇ ತಾಲ್ಲೂಕಿನ ಗ್ರಾಮವೊಂದರಲ್ಲಿ ಆರೋಗ್ಯ ಕಾರ್ಯಕರ್ತೆಯೊಬ್ಬಳು ಬೆರಳುಗಳನ್ನು ಚಪ್ಪಟೆಯಾಗಿಟ್ಟು ಒಂದು ಗಂಟನ್ನು ಹುಡುಕುವುದೂ ಅಷ್ಟೇ ಗಟ್ಟಿಯಾದ ಪ್ರಯೋಗಸಿದ್ಧ ವಿಜ್ಞಾನ. ಮೂವತ್ತು ವರ್ಷ ದಾಟಿದ ಸ್ತ್ರೀಯರನ್ನು ಹೀಗೆ ಪರೀಕ್ಷಿಸುವುದು ಸರಕಾರದ ಆರೋಗ್ಯ ಕಾರ್ಯಕ್ರಮದಲ್ಲಿಯೇ ಸೇರಿದೆ. ಹೋಗಿ ತೋರಿಸಿಕೊಳ್ಳುವವರು ಬೇಕು.

ನೋವಿಲ್ಲದ ಗಂಟು, ಒಳಕ್ಕೆ ಸೆಳೆದುಕೊಂಡ ತೊಟ್ಟು, ತೊಟ್ಟಿನಿಂದ ಬರುವ ರಕ್ತ, ಕಿತ್ತಳೆಯ ಸಿಪ್ಪೆಯಂತೆ ಒರಟಾದ ಚರ್ಮ, ಕಂಕುಳಿನಲ್ಲಿ ಗಡುಸಾದ ಗೆಡ್ಡೆ ಇವುಗಳಲ್ಲಿ ಯಾವುದು ಕಂಡರೂ ಸುಗ್ಗಿ ಮುಗಿಯಲಿ, ಜಾತ್ರೆ ಕಳೆಯಲಿ ಎಂದು ಕಾಯಬಾರದು. ಇಂಥ ಗಂಟುಗಳಲ್ಲಿ ಹೆಚ್ಚಿನವು ಏಡಿಗಂತಿಯಲ್ಲ. ಆದರೆ ಯಾವುದು ಹೌದು, ಯಾವುದು ಅಲ್ಲ ಎಂಬುದನ್ನು ಪರೀಕ್ಷೆಯಿಂದ ಮಾತ್ರ ಹೇಳಬಹುದು.

ಈ ಲೇಖನದ ಕರಡನ್ನು ಮೊದಲು ಓದಿದವಳು ಆ ವಿದ್ಯಾರ್ಥಿನಿಯೇ. ಸೋದರತ್ತೆ ಔಷಧವನ್ನು ಮುಂದುವರಿಸಿದ್ದಾರೆಂದೂ, ಬೆನ್ನಿನ ನೋವು ತಗ್ಗಿ ಈಗ ಎದ್ದು ಓಡಾಡುತ್ತಾರೆಂದೂ ಹೇಳಿದಳು. ಕಡಲೆಕಾಯಿ ಹೊಲದ ಭಾಗವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳಿದಳಂತೆ, ಎಲ್ಲರಿಗೂ ಅರ್ಥವಾಯಿತಂತೆ. ಮರುವಾರ ಆಕೆಯ ತಾಯಿಯೂ ನೆರೆಮನೆಯ ಇಬ್ಬರೂ ಆರೋಗ್ಯ ಕೇಂದ್ರಕ್ಕೆ ಹೋಗಿಬಂದರು.